ಒಪ್ಪ ಬಿದ್ದ ಮಾತು

ಮಾತಿನ ಆರಂಭದಲ್ಲಿಯೇ ನನ್ನದೊಂದು ತಪ್ಪನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬಹಳ ವರ್ಷಗಳ ಹಿಂದಿನ ಸಂಗತಿ. ಆಗಷ್ಟೇ ಪದವಿಯನ್ನು ಮುಗಿಸಿದ್ದ ನಾನು ಮುದ್ದೇಬಿಹಾಳ ಸೀಮೆಯ ಒಂದು ಶಾಲೆಯಲ್ಲಿ ಇತಿಹಾಸದ ಮಾಸ್ತರನಾಗಿ ಸೇರಿಕೊಂಡಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ, 1565ರಲ್ಲಿ ವಿಜಯನಗರದ ಸೈನ್ಯ ಸೋತ ಕದನ ಯಾವುದು ಎಂದು ಕೇಳಿದ್ದೆ. ಹುಡುಗರೆಲ್ಲ ತಾಳಿಕೋಟೆಯ ಕದನವೆಂದು ಬರೆದಿದ್ದರು. ಒಬ್ಬ ಮಾತ್ರ ರಕ್ಕಸಗಿ-ತಂಗಡಗಿಯ ಕದನ ಎಂದು ಬರೆದಿದ್ದ. ಆ ಉತ್ತರದ ಮೇಲೆ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ. ಉತ್ತರಪತ್ರಿಕೆಗಳನ್ನು ಹಂಚಿದ ದಿನ ಆ ಹುಡುಗ ಎದ್ದು ನಿಂತು, “ಅದು ನಮ್ಮೂರ ಕಡೆ ಆಗೇತಿ ಅಂತ ನಮ್ಮ ಮುತ್ಯಾ ಹೇಳ್ತಾನ್ರೀ ಸರ” ಎಂದ. “ಮುತ್ಯಾ ಹೇಳಿದ್ದು ಪರೀಕ್ಷೆದಾಗ ನಡಿಯೂದಿಲ್ಲ ತಮ್ಮಾ, ಪುಸ್ತಕದಾಗ ಇದ್ದದ್ದು ಬರಿ” ಎಂದೆ ನಾನು. ತರಗತಿ ನಕ್ಕಿತು. ಹುಡುಗ ಕುಳಿತುಕೊಂಡ. ಅವನು ತಂಗಡಗಿಯವನು.

ಆ ಕೆಂಪು ಗೆರೆ ಈಚೆಗೆ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವುದಕ್ಕೆ ಒಂದು ಶಬ್ದ ಕಾರಣ. ‘ವ್ಯಾಲಿಡೇಷನ್’ ಎಂಬ ಆ ಶಬ್ದ ಇಂದು ಎಲ್ಲರ ಬಾಯಲ್ಲಿದೆ. ಬ್ಯಾಂಕಿನವರಿಗೆ ಅದು ಬೇಕು, ಔಷಧ ತಯಾರಿಸುವವರಿಗೆ ಬೇಕು, ಗಣಕಯಂತ್ರದ ಕೆಲಸದವರಿಗಂತೂ ದಿನಕ್ಕೆ ಹತ್ತು ಸಲ ಬೇಕು. ಹರೆಯದವರು ತಮ್ಮ ಮನಸ್ಸಿನ ನೋವು-ನಲಿವುಗಳನ್ನು ಹೇಳಿಕೊಳ್ಳುವಾಗಲೂ, ತಮಗೆ ಯಾರಿಂದಲೂ ವ್ಯಾಲಿಡೇಷನ್ ಸಿಗಲಿಲ್ಲ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಮಿತ್ರರೊಬ್ಬರು ಕೇಳಿದಾಗ, ಥಟ್ಟನೆ ಒಂದು ಪದ ಹೇಳಿ ಕೈತೊಳೆದುಕೊಳ್ಳಲು ನನ್ನಿಂದಾಗಲಿಲ್ಲ. ಒಂದು ಮಾತು, ಒಂದು ಕಾಗದ, ಒಂದು ಹೆಸರು ‘ನಡೆಯುತ್ತದೆ’ ಎಂದಾಗುವುದು ಯಾವಾಗ? ಅದನ್ನು ನಡೆಸುವವರು ಯಾರು? ನಡೆಯೂದಿಲ್ಲ ಎಂದು ನಾನು ಆ ಹುಡುಗನಿಗೆ ಯಾವ ಹಕ್ಕಿನಿಂದ ಹೇಳಿದೆ? ಈ ಹೊತ್ತಿನ ನನ್ನ ಮಾತು ಈ ಪ್ರಶ್ನೆಗಳ ಸುತ್ತಲಿನದು.

ಮೊದಲು ಶಬ್ದಗಳನ್ನು ನೋಡೋಣ. ಇಂಗ್ಲಿಷಿನ ಆ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಬಲವಾಗಿರು, ಕ್ಷೇಮವಾಗಿರು ಎಂಬುದು ಆ ಬೇರಿನ ಅರ್ಥ. ಪ್ರಾಚೀನ ರೋಮಿನ ಜನ ಓಲೆಯ ಕೊನೆಗೆ ‘ಕ್ಷೇಮವಾಗಿರು’ ಎಂದು ಬರೆಯುತ್ತಿದ್ದುದೂ ಇದೇ ಧಾತುವಿನಿಂದಲೇ. ನಮ್ಮ ನ್ಯಾಯಾಲಯಗಳ ಕನ್ನಡದಲ್ಲಿ ಇದಕ್ಕೆ ಸಮನಾಗಿ ಬಳಕೆಯಾಗುವ ‘ಊರ್ಜಿತ’ ಎಂಬ ಮಾತೂ ‘ಊರ್ಜ’ ಎಂಬ ಬಲವಾಚಕ ಸಂಸ್ಕೃತ ಶಬ್ದದಿಂದ ಬಂದದ್ದು. ಎಲ್ಲಿಯ ರೋಮು, ಎಲ್ಲಿಯ ನಮ್ಮ ಕಚೇರಿ! ಆದರೂ ಎರಡು ಕಡೆಯೂ ಊರ್ಜಿತವಾದ ಕಾಗದವೆಂದರೆ ಬಲವುಳ್ಳ ಕಾಗದ ಎಂದೇ ಜನ ಭಾವಿಸಿದ್ದಾರೆ.

ಇನ್ನು ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳ ಮಾತಿಗೆ ಬಂದರೆ, ಶಬ್ದಗಳ ಸಂತೆಯೇ ನೆರೆದಿದೆ. ಆದಿಲಶಾಹಿಯ ಕಾಲದಿಂದ ದಫ್ತರಗಳಲ್ಲಿ ನೆಲೆಯೂರಿದ ಅರಬ್ಬಿ, ಪಾರಸಿ ಪದಗಳನ್ನು ನಾವು ಇಂದಿಗೂ ಬಿಟ್ಟಿಲ್ಲ. ಅರ್ಜಿ ‘ಮಂಜೂರು’ ಆಯಿತು ಎನ್ನುತ್ತೇವೆ. ಅರಬ್ಬಿಯಲ್ಲಿ ಅದಕ್ಕೆ ‘ನೋಡಲ್ಪಟ್ಟದ್ದು’ ಎಂದರ್ಥ. ದೊಡ್ಡವರ ಕಣ್ಣು ಬಿದ್ದರೆ ಮಂಜೂರಾದಂತೆ! ‘ಸಾಬೀತು’ ಎಂದರೆ ಅಲುಗದೆ ನಿಂತದ್ದು. ‘ಸನದು’ ಎಂದರೆ ಒರಗಿಕೊಳ್ಳಲು ಇರುವ ಆಸರೆ. ‘ದಾಖಲೆ’ ಎಂದರೆ ಒಳಗೆ ಸೇರಿದ್ದು. ಇವುಗಳ ಜೊತೆಗೆ ಸಂಸ್ಕೃತದ ‘ಪ್ರಮಾಣ’ ಇದೆ. ಅಳತೆ ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಅದೇ ಮಾತು ಅಳತೆಯೂ ಹೌದು, ಆಧಾರವೂ ಹೌದು, ದೇವರ ಮುಂದೆ ಮಾಡುವ ಆಣೆಯೂ ಹೌದು. ಚುನಾವಣೆಯಲ್ಲಿ ಮತವನ್ನೂ, ಕಚೇರಿಯಲ್ಲಿ ಜಾತಿಯ ಪತ್ರವನ್ನೂ ‘ಸಿಂಧು’ ಎಂದೋ ‘ಅಸಿಂಧು’ ಎಂದೋ ವಿಂಗಡಿಸುತ್ತೇವೆ. ನೋಟ, ನಿಲುವು, ಆಸರೆ, ಅಳತೆ, ಆಣೆ: ಒಂದು ಮಾತನ್ನು ನಂಬುವುದಕ್ಕೆ ಮನುಷ್ಯ ಹುಡುಕಿಕೊಂಡ ದಾರಿಗಳೆಲ್ಲ ಈ ಶಬ್ದಗಳಲ್ಲಿ ಅಡಗಿವೆ.

ಆದರೆ ಇವೆಲ್ಲವುಗಳಿಗಿಂತ ನನಗೆ ಪ್ರಿಯವಾದ ಶಬ್ದ ಅಚ್ಚಗನ್ನಡದ್ದು. ಅದು ‘ಒಪ್ಪ’. ವಿಜಯನಗರ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಇದು ಪರಿಚಿತ. ದಾನದ ವಿವರ, ಎಲ್ಲೆಗಳ ವಿವರ, ತಪ್ಪಿದವರಿಗೆ ಶಾಪ, ಎಲ್ಲವೂ ಮುಗಿದ ಮೇಲೆ ಕೊಟ್ಟವರ ‘ಸ್ವಹಸ್ತದ ಒಪ್ಪ’ ಬರುತ್ತದೆ. ಅದು ಬಿದ್ದರೇ ಶಾಸನ ಪೂರ್ಣ. ಒಪ್ಪ ಎಂದರೆ ರುಜು. ಒಪ್ಪು ಎಂದರೆ ಸಮ್ಮತಿ. ಒಪ್ಪುವುದು ಎಂದರೆ ತಕ್ಕುದಾಗಿರುವುದು, ಚೆಲುವಾಗಿ ಕಾಣುವುದು. ಆಭರಣಕ್ಕೆ ಒಪ್ಪವಿಡುತ್ತಾರೆ ಎಂದರೆ ಅದನ್ನು ಉಜ್ಜಿ ಹೊಳಪು ಕೊಡುತ್ತಾರೆ. ಸಮ್ಮತಿ, ಯೋಗ್ಯತೆ, ಚೆಲುವು ಮೂರನ್ನೂ ಒಂದೇ ಶಬ್ದದಲ್ಲಿ ಕಟ್ಟಿಟ್ಟ ನಮ್ಮ ಹಿರಿಯರಿಗೆ ಬಲವೊಂದೇ ಸಾಕೆನಿಸಿರಲಿಲ್ಲವೆಂದು ತೋರುತ್ತದೆ.

ಈ ಒಪ್ಪವನ್ನು ಅರಸರು ಹೇಗೆ ಹಾಕುತ್ತಿದ್ದರು ಎಂಬುದು ಗಮನಿಸತಕ್ಕ ವಿಷಯ. ಉತ್ತರದ ಹರ್ಷವರ್ಧನನ ಬಾಂಸ್‌ಖೇಡಾ ತಾಮ್ರಪಟದ ಕೊನೆಗೆ ಅವನದೇ ಹೆಸರಿನ ಸ್ವಹಸ್ತವಿದೆ. ಸುಂದರವಾದ, ಬಳ್ಳಿ ಬಳ್ಳಿಯಾದ ಅಕ್ಷರಗಳು. ವಿಜಯನಗರದ ಅರಸರು ಹೀಗೆ ತಮ್ಮ ಹೆಸರನ್ನು ಬರೆಯಲಿಲ್ಲ. ತಾಮ್ರಪಟದ ಮೈಯೆಲ್ಲ ಸಂಸ್ಕೃತ ಭಾಷೆ, ನಂದಿನಾಗರಿ ಲಿಪಿ. ಕೊನೆಗೆ ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ. ಹಂಪೆಯ ದೇವರ ಹೆಸರೇ ಅರಸನ ಒಪ್ಪ. ಮುಂದೆ ರಾಜ್ಯ ಪೆನುಗೊಂಡೆ, ಚಂದ್ರಗಿರಿಗಳ ಕಡೆಗೆ ಸರಿದ ಮೇಲೆ, ಅರವೀಡು ಮನೆತನದ ವೆಂಕಟಪತಿರಾಯನ ಶಾಸನಗಳಲ್ಲಿ ವಿರೂಪಾಕ್ಷನ ಸ್ಥಾನಕ್ಕೆ ‘ಶ್ರೀ ವೆಂಕಟೇಶ’ ಬಂದ. ದೇವರು ಬದಲಾದರೂ ನಿಯಮ ಬದಲಾಗಲಿಲ್ಲ. ಕೊಡುವವನು ಅರಸನಾದರೂ, ಕೊಟ್ಟದ್ದು ನಿಲ್ಲುವುದು ಅರಸನಿಗಿಂತ ದೊಡ್ಡದೊಂದರ ಹೆಸರಿನಲ್ಲಿ ಎಂಬುದು ಆ ನಿಯಮ.

ಈ ನಿಯಮದ ಬಿಸಿ ಯಾರಿಗೆ ತಟ್ಟಿತೆಂಬುದಕ್ಕೆ ತಾಳಿಕೋಟೆಯ ಕಥೆಯ ನಾಯಕನೇ ಸಾಕ್ಷಿ. ಕೃಷ್ಣದೇವರಾಯನ ಅಳಿಯನಾದ ರಾಮರಾಯ 1543ರ ಸುಮಾರಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಜಯನಗರವನ್ನು ಆಳಿದ. ಸೈನ್ಯ ಅವನದು, ಬೊಕ್ಕಸ ಅವನದು, ಯುದ್ಧ-ಸಂಧಾನಗಳು ಅವನವು. ಸಿಂಹಾಸನದ ಮೇಲೆ ಮಾತ್ರ ತುಳುವ ಮನೆತನದ ಸದಾಶಿವರಾಯ. 1567ರಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ನಿಜವಾದ ಅರಸನನ್ನು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಜನರಿಗೆ ತೋರಿಸುತ್ತಿದ್ದರೆಂದು ಬರೆದಿದ್ದಾನೆ. ಇಷ್ಟಾದರೂ ಶಾಸನಗಳು ಏನು ಹೇಳುತ್ತವೆ? ಶಕ 1478, ಅಂದರೆ 1556ರ ಒಂದು ತಾಮ್ರಶಾಸನ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹ ಸೇರಿತ್ತು; ಕೀಲ್‌ಹಾರ್ನ್ ಎಂಬ ಜರ್ಮನ್ ವಿದ್ವಾಂಸರು ಅದನ್ನು ಸಂಪಾದಿಸಿ ಪ್ರಕಟಿಸಿದರು. ಶ್ರೀಪೆರುಂಬುದೂರಿನ ರಾಮಾನುಜರ ಸನ್ನಿಧಿಗೆ ಹಳ್ಳಿಗಳನ್ನು ಬಿಟ್ಟ ದಾನವದು. ರಾಮರಾಯ ಅಲ್ಲಿ ವಿಜ್ಞಾಪನೆ ಮಾಡುವವನು, ಕೊಡುವವನು ಸದಾಶಿವ, ಕೊನೆಗೆ ‘ಶ್ರೀ ವಿರೂಪಾಕ್ಷ’. ಖಡ್ಗ ಹಿಡಿದವನು ಖಡ್ಗವಿಲ್ಲದವನ ಮುಂದೆ ಕಾಗದದ ಮಟ್ಟಿಗಾದರೂ ಕೈಮುಗಿದು ನಿಲ್ಲಬೇಕಾಯಿತು. ಕದನದಲ್ಲಿ ರಾಮರಾಯ ಸತ್ತ ಮೇಲೂ ಕೆಲವು ವರ್ಷ ಶಾಸನಗಳಲ್ಲಿ ಸದಾಶಿವನ ಹೆಸರೇ ನಡೆಯಿತು. ಬಲ ಒಬ್ಬನಲ್ಲಿ, ಊರ್ಜಿತ ಮಾಡುವ ಹಕ್ಕು ಇನ್ನೊಬ್ಬನಲ್ಲಿ! ಲ್ಯಾಟಿನ್ ಧಾತುವೂ ಸಂಸ್ಕೃತದ ಊರ್ಜವೂ ಹೇಳದೆ ಬಿಟ್ಟ ಸಂಗತಿಯಿದು. ತನಗೆ ತಾನೇ ಒಪ್ಪ ಹಾಕಿಕೊಳ್ಳುವುದು ಎಷ್ಟು ಬಲವಿದ್ದವನಿಗೂ ಸುಲಭವಲ್ಲ.

ಒಪ್ಪವಿದ್ದ ಮಾತ್ರಕ್ಕೆ ಶಾಸನವನ್ನು ನಂಬಬಹುದೆ? ನಂಬಬಾರದೆಂದು ಹೇಳುವುದಕ್ಕೇ ‘ಕೂಟಶಾಸನ’ ಎಂಬ ಶಬ್ದ ಹುಟ್ಟಿದೆ. ಭೂಮಿಯ ಆಸೆಗೆ ಹಳೆಯ ಅರಸರ ಹೆಸರಿನಲ್ಲಿ ಹೊಸ ತಾಮ್ರಪಟ ಕೆತ್ತಿಸಿದವರು ನಮ್ಮಲ್ಲೂ ಕಡಿಮೆಯಿಲ್ಲ. ಗಂಗರ ಹಳೆಯ ತಾಮ್ರಪಟಗಳನ್ನು ಕುರಿತು ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ನಡೆಸಿದ ವಾದ ಕರ್ನಾಟಕದ ಇತಿಹಾಸ ಸಂಶೋಧನೆಯಲ್ಲಿ ಪ್ರಸಿದ್ಧವಾದುದು. ಫ್ಲೀಟರು ಅವು ನಕಲಿ ಎಂದರು. ರೈಸರು ಅವುಗಳ ಪರ ನಿಂತರು. ಇಂಥ ವಾದಗಳನ್ನು ಪರೀಕ್ಷಿಸಲು ವಿದ್ವಾಂಸರು ಒಂದೆರಡು ಒರೆಗಲ್ಲುಗಳನ್ನು ಹುಡುಕಿಕೊಂಡರು. ಶಾಸನ ಹೇಳುವ ಕಾಲಕ್ಕೆ ಅದರ ಅಕ್ಷರದ ಮೈಕಟ್ಟು ಹೊಂದುತ್ತದೆಯೆ? ಅದು ಹೇಳುವ ತಿಥಿಯೂ ವಾರವೂ ಗಣಿತದಲ್ಲಿ ತಾಳೆಯಾಗುತ್ತವೆಯೆ? ನೂರಾರು ವರ್ಷಗಳ ಹಿಂದಿನ ಒಂದು ಹುಣ್ಣಿಮೆ ಯಾವ ವಾರ ಬಿದ್ದಿತ್ತೆಂದು ಲೆಕ್ಕ ಹಾಕುವುದು ಕಳ್ಳಶಾಸನ ಬರೆಯುವವನಿಗೆ ಕಷ್ಟ. ಆ ಲೆಕ್ಕವನ್ನು ಎಲ್ಲರಿಗೂ ಸುಲಭವಾಗಿಸುವ ಕೋಷ್ಟಕಗಳ ಗ್ರಂಥವೊಂದನ್ನು 1896ರಲ್ಲಿ ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆಗೂಡಿ ರಾಬರ್ಟ್ ಸಿವೆಲ್ ಹೊರತಂದರು. ಸಾಕ್ಷಿ ಎಷ್ಟೇ ಗಂಭೀರವಾಗಿ ಮಾತನಾಡಲಿ, ಅವನ ಕೈಗೆ ಸಿಕ್ಕದ ಇನ್ನೊಂದು ಸಾಕ್ಷಿಯನ್ನು ಕೇಳಬೇಕು ಎಂಬುದು ಈ ವಿದ್ಯೆಯ ಸಾರ. ಆಕಾಶದ ಚಂದ್ರನಿಗೆ ಯಾರೂ ಲಂಚ ಕೊಡಲಾರರಷ್ಟೆ.

ಈ ಸಿವೆಲ್ಲರೇ 1900ರಲ್ಲಿ ವಿಜಯನಗರವನ್ನು ಕುರಿತು ‘ಮರೆತುಹೋದ ಸಾಮ್ರಾಜ್ಯ’ ಎಂಬರ್ಥದ ಹೆಸರಿನ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದವರು. ಇಲ್ಲಿಗೆ ನಮ್ಮ ಕದನ ಬಂತು. ತಾಳಿಕೋಟೆಯ ಹೆಸರು ದಕ್ಷಿಣ ಭಾರತದ ಇತಿಹಾಸದಲ್ಲಿ ಚಿರಸ್ಥಾಯಿಯೆಂದು ಬರೆದ ಸಿವೆಲ್ಲರೇ, ಕದನ ನಡೆದದ್ದು ತಾಳಿಕೋಟೆಯಲ್ಲಿ ಅಲ್ಲವೆಂದೂ ಅಲ್ಲಿಯೇ ಬರೆದಿದ್ದಾರೆ. 1564ರ ಡಿಸೆಂಬರ್ ಕೊನೆಯಲ್ಲಿ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸೈನ್ಯಗಳು ದಕ್ಷಿಣಕ್ಕೆ ಇಳಿದು ಬೀಡುಬಿಟ್ಟದ್ದು ತಾಳಿಕೋಟೆಯ ಬಳಿ. ಊರು ಡೋಣಿ ನದಿಯ ದಡದಲ್ಲಿದೆ. ಡೋಣಿ ಕೃಷ್ಣೆಯನ್ನು ಕೂಡುವ ಸ್ಥಳದಿಂದ 16 ಮೈಲಿ ಮೇಲಕ್ಕೆ ಎಂದು ಅವರ ಲೆಕ್ಕ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ಹೇಳುವ ಎರೆಯ ನಾಡಿದು. ಬೆಳೆದು ನಿಂತ ಪೈರು ಆ ಸಾವಿರಾರು ಕುದುರೆಗಳಿಗೆ ಮೇವಾಯಿತು. ಅಲ್ಲಿಂದ ಮುಂದೆ ಸೈನ್ಯಗಳು ಕೃಷ್ಣೆಯನ್ನು ಇಂಗಳಗಿಯ ಹಾಯ್ಗಡದಲ್ಲಿ ದಾಟಿದವು. 1565ರ ಜನವರಿ 23ರಂದು ದೊಡ್ಡ ಕದನ ನಡೆದದ್ದು ನದಿಯ ದಕ್ಷಿಣಕ್ಕೆ, ಮುದಗಲ್ಲಿನ ದಾರಿಯಲ್ಲಿ ಎಂದು ಸಿವೆಲ್ಲರ ಅಭಿಪ್ರಾಯ.

1927ರಲ್ಲಿ ಅರವೀಡು ಮನೆತನದ ಇತಿಹಾಸವನ್ನು ಬರೆದ ಪಾದ್ರಿ ಹೆರಾಸರು ತಾಳಿಕೋಟೆಯ ಹೆಸರನ್ನು ಕೈಬಿಟ್ಟು, ‘ರಾಮರಾಜನ ಬಖೈರು’ ಮೊದಲಾದ ದೇಶೀಯ ಕಥನಗಳನ್ನು ಅನುಸರಿಸಿ, ರಕ್ಕಸ-ತಂಗಡಿ ಎಂದು ಕರೆದರು. ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳ ಸೀಮೆಯ ಊರುಗಳು. ತಂಗಡಗಿಯಂತೂ ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ಭಕ್ತರು ನಡೆದುಕೊಳ್ಳುವ ಕೃಷ್ಣಾತೀರದ ಕ್ಷೇತ್ರ. ಆದರೆ ಅವೆರಡೂ ಇರುವುದು ನದಿಯ ಉತ್ತರಕ್ಕೆ. ಈಚಿನ ಪಠ್ಯಪುಸ್ತಕಗಳು ಎರಡು ಹೆಸರುಗಳನ್ನೂ ಹೇಳುತ್ತವೆ. ಸೊನ್ನೆ ಹಾಕಿದ ಕೆಲವು ವರ್ಷಗಳ ಮೇಲೆ ಈ ಗ್ರಂಥಗಳು ನನ್ನ ಕೈಗೆ ಬಂದವು. ಮುತ್ಯಾನ ಮಾತು ಬಖೈರಿನಲ್ಲಿತ್ತು, ಪಾದ್ರಿಯ ಪುಸ್ತಕದಲ್ಲಿತ್ತು. ನನ್ನ ಪಠ್ಯಪುಸ್ತಕದಲ್ಲಿ ಮಾತ್ರ ಇರಲಿಲ್ಲ.

ಕದನ ನಡೆಯದ ಊರಿನ ಹೆಸರು ಕದನಕ್ಕೆ ಅಂಟಿಕೊಳ್ಳುವುದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1815ರ ಜೂನ್ 18ರಂದು ನೆಪೋಲಿಯನ್ ಸೋತದ್ದು ವಾಟರ್ಲೂ ಊರಿನಲ್ಲಲ್ಲ, ಅದರ ದಕ್ಷಿಣಕ್ಕಿರುವ ಮೋಂ-ಸ್ಯಾಂ-ಜಾನ್ ಎಂಬಲ್ಲಿಯ ದಿಣ್ಣೆಯ ಬಳಿ. ಆದರೆ ವೆಲಿಂಗ್ಟನ್ನನ ಬಿಡಾರ ವಾಟರ್ಲೂದಲ್ಲಿತ್ತು. ಗೆಲುವಿನ ವರದಿಯ ತಲೆಯಲ್ಲಿ ಆ ಊರಿನ ಹೆಸರಿತ್ತು. ಜಗತ್ತು ಅದನ್ನೇ ಕಲಿತಿತು. ಜೊತೆಯಲ್ಲಿ ಕಾದಿದ ಪ್ರಷ್ಯದವರು ಬೇರೊಂದು ಹೆಸರಿಟ್ಟಿದ್ದರು, ಅದು ನಡೆಯಲಿಲ್ಲ. ಗೆದ್ದವರು ಬೀಡುಬಿಟ್ಟ ಊರಿನ ಹೆಸರೇ ಗೆಲುವಿನ ಹೆಸರಾಗುವುದು ಹೀಗೆ. ತಾಳಿಕೋಟೆಯಲ್ಲಿಯೂ ಹೀಗೆಯೇ ಆಗಿರಬೇಕೆಂದು ಊಹಿಸುವುದು ಸಹಜ. ಕೋಟೆಯಿದ್ದ ಊರು, ದೊರೆಗಳು ತಂಗಿದ ಊರು. ಹೊಲದ ಹೆಸರನ್ನು ಯಾರು ಕೇಳುತ್ತಾರೆ?

ಹೆಸರಿನ ಮಾತು ಇಷ್ಟಾದರೆ, ಕಥೆಯ ಮಾತೇನು? ಇಲ್ಲಿ ಪಣಕ್ಕಿಟ್ಟದ್ದು ಒಂದೆರಡು ಊರುಗಳ ಕೀರ್ತಿಗಿಂತ ದೊಡ್ಡದು. ಈ ಕದನವನ್ನು ಎರಡು ಧರ್ಮಗಳ ಹೋರಾಟವೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಆ ವಾಕ್ಯವನ್ನು ನಂಬಿ ನೆರೆಯವನನ್ನು ಅಳೆಯುವವರು ಇಂದೂ ಇದ್ದಾರೆ. ಹಾಗಾಗಿ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಬೇಕಾಗುತ್ತದೆ.

ಅಹಮದನಗರದ ಹುಸೇನ ನಿಜಾಮಶಹನ ಸ್ತುತಿಯಾಗಿ ಆಫ್ತಾಬಿ ಎಂಬ ಕವಿ ಬರೆದ ಪಾರಸಿ ಕಾವ್ಯವೊಂದಿದೆ. ಅದರ ಸಚಿತ್ರ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಲದಲ್ಲಿದೆ. ಕದನಕ್ಕೆ ತೀರ ಸಮೀಪದ ಸಾಕ್ಷಿ. ಆದರೆ ಗೆದ್ದ ದೊರೆಯ ಹೊಗಳಿಕೆಗೆ ಹುಟ್ಟಿದ್ದು. ಫಿರಿಸ್ತಾ ಬರೆದದ್ದು ಬಹು ವಿಸ್ತಾರವಾಗಿದೆ. ಆದರೆ ಅವನು ವಿಜಾಪುರದ ದರಬಾರಿಗೆ ಬಂದದ್ದು 1589ರಲ್ಲಿ, ಕದನವಾಗಿ 24 ವರ್ಷ ಕಳೆದ ಮೇಲೆ. ಸೀಸರ್ ಫ್ರೆಡರಿಕ್ ಎರಡು ವರ್ಷಗಳ ನಂತರ ಬಂದು ಊರವರು ಹೇಳಿದ್ದನ್ನು ಕೇಳಿದವನು. ರಾಮರಾಯನ ಸೈನ್ಯದ ಇಬ್ಬರು ಮುಸಲ್ಮಾನ ಸರದಾರರು ಕದನದ ನಡುವೆ ಪಕ್ಷಾಂತರ ಮಾಡಿದರೆಂಬ ಪ್ರಸಿದ್ಧ ಕಥೆ ಅವನದು. ಫಿರಿಸ್ತಾ ಅದನ್ನು ಹೇಳುವುದಿಲ್ಲ. ‘ರಾಮರಾಜನ ಬಖೈರು’ ನಮ್ಮ ನೆಲದ ದನಿ. ಆದರೆ ಅದರಲ್ಲಿಯ ಸೈನ್ಯದ ಅಂಕಿಗಳು ಕೃಷ್ಣೆಯ ಎರಡೂ ದಡಗಳಲ್ಲಿ ಹಿಡಿಸಲಾರದಷ್ಟು ದೊಡ್ಡವು. ಹೀಗೆ ಯಾವ ಸಾಕ್ಷಿಯೂ ಪೂರ್ತಿ ನಿರ್ಮಲನಲ್ಲ. ಹಾಗೆಂದು ಯಾರನ್ನೂ ಹೊರಗಟ್ಟುವಂತೆಯೂ ಇಲ್ಲ.

ಇಂಥಲ್ಲಿ ನ್ಯಾಯಾಧೀಶರು ಬಳಸುವ ಒಂದು ಉಪಾಯ ಇತಿಹಾಸಕಾರನಿಗೂ ಒದಗುತ್ತದೆ. ಒಬ್ಬ ಸಾಕ್ಷಿ ತನಗೆ ಅನುಕೂಲವಲ್ಲದ ಮಾತನ್ನು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಫಿರಿಸ್ತಾನ ಗ್ರಂಥದಲ್ಲಿ ಅಂಥದೊಂದು ಪ್ರಸಂಗವಿದೆ. ರಾಮರಾಯನ ಮಗ ತೀರಿಕೊಂಡಾಗ ವಿಜಾಪುರದ ಅಲಿ ಆದಿಲಶಹ ಸುಮಾರು ನೂರು ಸವಾರರೊಡನೆ ವಿಜಯನಗರಕ್ಕೆ ಹೋಗಿ ದುಃಖ ಹಂಚಿಕೊಂಡನಂತೆ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಸ್ವೀಕರಿಸಿದಳಂತೆ. ಈ ಕದನವನ್ನು ಧರ್ಮಯುದ್ಧವೆಂದು ವರ್ಣಿಸುವ ಕಥನಕ್ಕೆ ಈ ತಾಯಿ-ಮಗನ ಸಂಬಂಧ ಒಂದು ತೊಡಕು. ಆದರೂ ಅವನು ಬರೆದ. ಅದರಿಂದಲೇ ಅದು ನಂಬಿಕೆಗೆ ಹೆಚ್ಚು ಅರ್ಹ. ಗೋಲ್ಕೊಂಡದ ಇಬ್ರಾಹಿಂ ಕುತುಬಶಹ ಸಿಂಹಾಸನವೇರುವ ಮೊದಲು ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದವನು. ಸುಲ್ತಾನರ ಒಕ್ಕೂಟಕ್ಕಾದರೂ ಧರ್ಮವೊಂದೇ ಮೊಹರಾಗಲಿಲ್ಲ. ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನು ಒಪ್ಪಿಸಿ, ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡ ಮೇಲೆಯೇ ಆ ಒಪ್ಪಂದ ಗಟ್ಟಿಯಾದದ್ದು. ಬಂಧುತ್ವ, ಆಶ್ರಯ, ಅವಮಾನ, ಕೋಟೆಗಳ ಆಸೆ, ಧರ್ಮದ ಹೆಮ್ಮೆ ಎಲ್ಲವೂ ಹೆಣೆದುಕೊಂಡ ಕದನವಿದು. ಒಂದೇ ವಾಕ್ಯದ ಕಥೆಗೆ ಈ ಸಾಕ್ಷಿಗಳು ಯಾರೂ ಒಪ್ಪ ಹಾಕುವುದಿಲ್ಲ.

ಒಂದು ಮಾತನ್ನು ಯಾವಾಗ ನಂಬಬೇಕು ಎಂಬ ಈ ಪ್ರಶ್ನೆ ನಮ್ಮ ದಾರ್ಶನಿಕರಿಗೂ ಹೊಸದಲ್ಲ. ವಿಜಯನಗರದ ಆರಂಭಕಾಲದ ಮಾಧವನ ‘ಸರ್ವದರ್ಶನಸಂಗ್ರಹ’ದಲ್ಲಿ ಈ ವಾದದ ನಿರೂಪಣೆಯಿದೆ. ಮೀಮಾಂಸಕರು ಸ್ವತಃಪ್ರಾಮಾಣ್ಯವಾದಿಗಳು. ಅವರ ಮತದಲ್ಲಿ, ಮೂಡಿದ ತಿಳಿವಳಿಕೆ ತನ್ನಷ್ಟಕ್ಕೆ ತಾನೇ ಪ್ರಮಾಣ. ಅದಕ್ಕೆ ಬಾಧಕವಾದುದು ಕಂಡಾಗ ಮಾತ್ರ ಬಿಡಬೇಕು. ನೈಯಾಯಿಕರು ಪರತಃಪ್ರಾಮಾಣ್ಯವಾದಿಗಳು. ದೂರದಲ್ಲಿ ನೀರು ಕಂಡರೆ ಸಾಲದು. ಹೋಗಿ ಕುಡಿದು ಬಾಯಾರಿಕೆ ತೀರಿದಾಗಲೇ ಅದು ನೀರೆಂಬ ಜ್ಞಾನ ನಿಜವಾಯಿತು ಎನ್ನುತ್ತಾರೆ. ನಿತ್ಯಜೀವನದಲ್ಲಿ ನಾವೆಲ್ಲ ಮೀಮಾಂಸಕರೇ. ತಾಯಿ ಬಡಿಸಿದ ಅನ್ನವನ್ನು ಯಾರೂ ಪರೀಕ್ಷಿಸಿ ಉಣ್ಣುವುದಿಲ್ಲ. ಮುತ್ಯಾ ಹೇಳಿದ ಕಥೆಯನ್ನು ಮೊಮ್ಮಗ ನಂಬಿಯೇ ನಂಬುತ್ತಾನೆ. ಇತಿಹಾಸ ಬರೆಯುವವನು ಮಾತ್ರ ನೈಯಾಯಿಕನಾಗದೆ ವಿಧಿಯಿಲ್ಲ.

ಇಂದಿನ ವಿಜ್ಞಾನಿಗಳೂ ಯಂತ್ರಶಿಲ್ಪಿಗಳೂ ಹೇಳುವ ವ್ಯಾಲಿಡೇಷನ್ ನೈಯಾಯಿಕರ ಈ ಬಾಯಾರಿಕೆಯ ಪರೀಕ್ಷೆಗೆ ಬಹಳ ಹತ್ತಿರದ್ದು. ನಮ್ಮ ಕಡೆಯ ಬಡಿಗನ ಕೆಲಸವನ್ನೇ ನೋಡಿ. ಅವನು ಮಾಡಿಕೊಟ್ಟ ಕೂರಿಗೆಯ ತಾಳುಗಳ ಅಂತರ ಹೇಳಿದ ಅಳತೆಗೆ ಸರಿಯಾಗಿದೆಯೆ, ಬಟ್ಟಲಿನ ತೂತುಗಳು ಸಮವಾಗಿವೆಯೆ ಎಂದು ನೋಡುವುದು ಒಂದು ಬಗೆಯ ಪರೀಕ್ಷೆ. ಅದು ತಪಾಸಣೆ. ಡೋಣಿಯ ಎರೆಯಲ್ಲಿ ಹಿಂಗಾರಿಗೆ ಬಿತ್ತಿದಾಗ ಜೋಳ ಸಾಲುಹಿಡಿದು ಮೇಲೆದ್ದಿತೆ ಎಂದು ನೋಡುವುದು ಇನ್ನೊಂದು. ಅಳತೆ ಸರಿಯಿದ್ದ ಕೂರಿಗೆಯೂ ಆ ಮಣ್ಣಿಗೆ ಒಗ್ಗದೆ ಹೋಗಬಹುದು. ಈ ಎರಡನೆಯ ಪರೀಕ್ಷೆಗೆ ಅವರು ವ್ಯಾಲಿಡೇಷನ್ ಎನ್ನುತ್ತಾರೆ. ಅದನ್ನು ಬಡಿಗ ಮಾಡಲಾರ, ಹೊಲ ಮಾಡಬೇಕು.

ಕಾನೂನಿನಲ್ಲಿಯೂ ಇದೇ ಬೆಳಕು ಕಾಣುತ್ತದೆ. ನ್ಯಾಯಾಲಯ ಅಸಿಂಧುವೆಂದದ್ದನ್ನು ಶಾಸನಸಭೆ ಮತ್ತೆ ಊರ್ಜಿತಗೊಳಿಸಬಹುದೆ? 1969ರಲ್ಲಿ, ಭರೂಚ ನಗರಸಭೆಯ ತೆರಿಗೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉತ್ತರ ಕೊಟ್ಟಿತು. ತೀರ್ಪು ನಮ್ಮನ್ನು ಕಟ್ಟುವುದಿಲ್ಲವೆಂದು ಸಾರಿದರೆ ಸಾಲದು. ಯಾವ ದೋಷದಿಂದ ಅಸಿಂಧುವಾಯಿತೋ ಆ ದೋಷವನ್ನು ತೆಗೆಯಬೇಕು ಎಂಬುದು ಅದರ ತಾತ್ಪರ್ಯ. ಕರ್ನಾಟಕದಲ್ಲಿಯೇ ಇದರ ಉದಾಹರಣೆಯಿದೆ. ಮೀಸಲಾತಿಯಿಂದ ಬಡ್ತಿ ಪಡೆದ ನೌಕರರ ಜ್ಯೇಷ್ಠತೆಯನ್ನು ಕಾಯುವ 2002ರ ಕಾನೂನು, ಅಗತ್ಯವಾದ ಅಂಕಿ-ಅಂಶಗಳ ಆಧಾರವಿಲ್ಲದ ಕಾರಣಕ್ಕೆ 2017ರಲ್ಲಿ ಬಿದ್ದುಹೋಯಿತು. ಸರ್ಕಾರ ಸಮಿತಿಯೊಂದರಿಂದ ಅಂಕಿ-ಅಂಶಗಳನ್ನು ಕಲೆಹಾಕಿಸಿ 2018ರಲ್ಲಿ ಹೊಸ ಕಾನೂನು ತಂದಿತು. 2019ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗಟ್ಟಿಯಾಗಿ ಹೇಳಿದ್ದರಿಂದ ಮಾತು ನಡೆಯಲಿಲ್ಲ. ಕೊರತೆಯನ್ನು ತುಂಬಿದ್ದರಿಂದ ನಡೆಯಿತು.

ಇಷ್ಟೆಲ್ಲ ಸುತ್ತಿ ಬಂದ ಮೇಲೆ ಆ ಹುಡುಗನ ಮುಂದೆ ಮತ್ತೆ ನಿಲ್ಲಬೇಕು. ನನ್ನ ತಪ್ಪು ಯಾವುದು? ಅವನ ಉತ್ತರಕ್ಕೆ ಗುಣ ಕೊಡದೆ ಹೋದದ್ದು ಒಂದು ತಪ್ಪು. ಅದನ್ನು ಯಾವ ಪುಸ್ತಕವಾದರೂ ತಿದ್ದೀತು. ದೊಡ್ಡ ತಪ್ಪು ಬೇರೆ ಇದೆ. ನನ್ನ ಕೈಯಲ್ಲಿದ್ದ ಪುಸ್ತಕವೊಂದು ಸಾಕ್ಷಿ ಮಾತ್ರವಾಗಿತ್ತು, ನಾನು ಅದನ್ನು ನ್ಯಾಯಾಧೀಶನನ್ನಾಗಿ ಮಾಡಿದೆ. ಅವನ ಮುತ್ಯಾನೂ ಒಬ್ಬ ಸಾಕ್ಷಿಯಾಗಿದ್ದ, ಅವನನ್ನು ಬಾಗಿಲ ಹೊರಗೇ ನಿಲ್ಲಿಸಿದೆ. ಮುತ್ಯಾನ ಮಾತನ್ನು ಹಾಗೆಯೇ ಒಪ್ಪಿಬಿಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಎರಡು ಹಳ್ಳಿಗಳ ಹೆಸರೂ ಕದನದ ಸ್ಥಳವನ್ನು ಪೂರ್ತಿ ನಿರ್ಣಯಿಸುವುದಿಲ್ಲವೆಂಬುದನ್ನು ಆಗಲೇ ನೋಡಿದೆವು. ಆದರೆ, “ನಿಮ್ಮ ಮುತ್ಯಾ ಯಾರಿಂದ ಕೇಳಿದ್ದಾನ, ಕೇಳ್ಕೊಂಡು ಬಾ” ಎಂದು ನಾನು ಹೇಳಬಹುದಿತ್ತು. ತಾಳಿಕೋಟೆಯೆಂಬ ಹೆಸರು ಎಲ್ಲಿಂದ ಬಂತೆಂದು ಇಡೀ ತರಗತಿಯನ್ನು ಕೇಳಬಹುದಿತ್ತು. ಆ ದಿನದ ಮಟ್ಟಿಗೆ ನಲವತ್ತು ಹುಡುಗರು ಇತಿಹಾಸವನ್ನು ಕಂಠಪಾಠ ಮಾಡುವುದನ್ನು ಬಿಟ್ಟು ಇತಿಹಾಸವನ್ನು ಮಾಡುತ್ತಿದ್ದರು.

ಹರೆಯದವರು ಮನಸ್ಸಿನ ವಿಷಯದಲ್ಲಿ ಆ ಶಬ್ದವನ್ನು ಬಳಸುವಾಗ ನಾನು ಮೊದಮೊದಲು ಮುಗುಳ್ನಗುತ್ತಿದ್ದೆ. ಈಗ ನಗುವುದಿಲ್ಲ. ಮನಶ್ಶಾಸ್ತ್ರದವರು ಹೇಳುವ ಅರ್ಥದಲ್ಲಿ, ಒಬ್ಬನ ಭಾವನೆಯನ್ನು ಮಾನ್ಯ ಮಾಡುವುದೆಂದರೆ ಅವನು ಹೇಳಿದ್ದೆಲ್ಲ ಸರಿ ಎನ್ನುವುದಲ್ಲ. ನಿನಗೆ ಹಾಗೆನ್ನಿಸಿದ್ದಕ್ಕೆ ಕಾರಣವಿದೆ, ನಾನು ಕೇಳುತ್ತಿದ್ದೇನೆ ಎನ್ನುವುದು. ಎದ್ದು ನಿಂತ ಆ ಹುಡುಗ ನನ್ನಿಂದ ಬಯಸಿದ್ದು ಅಷ್ಟನ್ನೇ. ಗುಣಗಳನ್ನಲ್ಲ; ತನ್ನ ಊರೂ ತನ್ನ ಮುತ್ಯಾನೂ ಪಾಠದೊಳಗೆ ಬರಬಹುದೆಂಬ ಒಂದು ಒಪ್ಪಿಗೆಯನ್ನು.

ಹಾಗಾದರೆ ವ್ಯಾಲಿಡೇಷನ್ನಿಗೆ ಕನ್ನಡದಲ್ಲಿ ಏನೆನ್ನೋಣ? ಕಾನೂನಿಗೆ ಊರ್ಜಿತವಿರಲಿ, ಕಚೇರಿಗೆ ಸಿಂಧುತ್ವವಿರಲಿ, ತರ್ಕಕ್ಕೆ ಪ್ರಾಮಾಣ್ಯವಿರಲಿ. ಮನುಷ್ಯರು ಮನುಷ್ಯರಿಗೆ ಕೊಡುವುದಕ್ಕೆ ಒಪ್ಪ ಎಂಬ ಹಳೆಯ ಮಾತು ಇದ್ದೇ ಇದೆ. ತಾಳಿಕೋಟೆಗೆ ಈಗ ತಾಲ್ಲೂಕಿನ ಪಟ್ಟ ಬಂದಿದೆ. ಜಗತ್ತು ಕೊಟ್ಟ ಕದನದ ಹೆಸರನ್ನು ಅದು ಹೊತ್ತುಕೊಂಡೇ ಇರಲಿ. ನಾಲ್ಕುನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಆ ಹೆಸರನ್ನು ಕಿತ್ತು ಆಗುವುದೇನೂ ಇಲ್ಲ. ಅದರ ಪಕ್ಕದಲ್ಲಿ ರಕ್ಕಸಗಿ-ತಂಗಡಗಿ ಎಂದೂ ಬರೆಯುವಷ್ಟು ಜಾಗ ಹಾಳೆಯಲ್ಲಿದೆ. ಆ ಹುಡುಗ ಈಗ ಎಲ್ಲಿರುವನೋ ನನಗೆ ತಿಳಿಯದು. ಅವನೂ ನಡುವಯಸ್ಸು ದಾಟಿರಬೇಕು. ಈ ಮಾತು ಅವನ ಕಿವಿಗೆ ಬಿದ್ದರೆ, ತನ್ನ ಮಾಸ್ತರ ಆ ಕೆಂಪು ಗೆರೆಯನ್ನು ತಡವಾಗಿಯಾದರೂ ಅಳಿಸಿದ್ದಾನೆಂದು ಅವನು ತಿಳಿಯಲಿ.